ಬಸ್ಸು ಫ್ರೀ ಇದ್ದರೂ ಸೈಕಲ್ ಯಾಕೆ ಅಂದರೆ

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನನ್ನು ಎಲ್ಲರೂ ಕೇಳುವುದು ಒಂದೇ. "ಹೆಣ್ಮಕ್ಕಳಿಗೆ ಬಸ್ಸು ಫ್ರೀ ಅಲ್ವಾ, ಬೆಂಗಳೂರಿನ ಈ ಟ್ರಾಫಿಕ್‌ನಲ್ಲಿ ನೀವ್ಯಾಕೆ ಸೈಕಲ್ ತುಳೀತೀರಾ?" ನಿಜ, ದುಡ್ಡು ಉಳಿಯುತ್ತದೆ ಅನ್ನುವ ಉತ್ತರ ನನ್ನ ಹತ್ತಿರ ಇಲ್ಲ. ಪರಿಸರದ ಮಾತೂ ಆಮೇಲಿನದು. ಆಫೀಸಿನಿಂದ ಹೊರಡುವಾಗ ಅತ್ತೆಗೆ ಫೋನ್ ಮಾಡಿ ಇಷ್ಟು ಹೊತ್ತಿಗೆ ಬರುತ್ತೇನೆ ಅಂದರೆ ಆ ಹೊತ್ತಿಗೆ ಮನೆಯಲ್ಲಿ ಇರಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಜಯನಗರ ನಾಲ್ಕನೇ ಬ್ಲಾಕಿನ ಮನೆಯಿಂದ ರೆಸಿಡೆನ್ಸಿ ರೋಡಿನ ಆಫೀಸಿಗೆ ಆರೇಳು ಕಿಲೋಮೀಟರ್. ಬಸ್ಸಿನಲ್ಲಿ ಒಂದು ದಿನ ಅರ್ಧ ಗಂಟೆ, ಮರುದಿನ ಗಂಟೆ ದಾಟುತ್ತದೆ. ಮೆಟ್ರೋ ಅಂದರೆ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್ ತನಕ ಹೋಗಿ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಮತ್ತೆ ಇತ್ತ ಕಡೆಗೇ ಬರಬೇಕು. ಸೈಕಲ್‌ನಲ್ಲಿ ಸುಮಾರು ಅರ್ಧ ಗಂಟೆ. ಸೋಮವಾರವೂ ಅಷ್ಟೇ, ಊರೆಲ್ಲಾ ರಸ್ತೆಗೆ ಇಳಿಯುವ ಶುಕ್ರವಾರ ಸಂಜೆಯೂ ಹೆಚ್ಚುಕಮ್ಮಿ ಅಷ್ಟೇ.

ಯಾವ ಸೈಕಲ್ ತಗೊಂಡ್ರಿ ಅಂತ ಕೇಳುವವರು ಜಾಸ್ತಿ, ಯಾವ ದಾರಿಯಲ್ಲಿ ಹೋಗ್ತೀರಿ ಅಂತ ಕೇಳುವವರು ಕಮ್ಮಿ. ನನ್ನ ಪ್ರಕಾರ ದಾರಿಯೇ ಮುಖ್ಯ. ಮ್ಯಾಪ್ ತೋರಿಸುವುದು ಕಾರಿನ ದಾರಿ, ಅದನ್ನು ಬಿಟ್ಟುಬಿಡಿ. ನಾನು ಹೋಗುವುದು ಅಶೋಕ ಪಿಲ್ಲರ್ ದಾಟಿ, ಲಾಲ್‌ಬಾಗ್ ಪಕ್ಕದ ಸಿದ್ದಾಪುರ ರಸ್ತೆ ಹಿಡಿದು. ಅಲ್ಲಿ ಗಿಡದ ನರ್ಸರಿಗಳಿವೆ, ಬೆಳಿಗ್ಗೆ ನೀರು ಹಾಕುತ್ತಿರುತ್ತಾರೆ, ತಂಪಾಗಿರುತ್ತದೆ. ಆಮೇಲೆ ವಿಲ್ಸನ್ ಗಾರ್ಡನ್‌ನ ಒಳ ಕ್ರಾಸ್‌ಗಳು, ಶಾಂತಿನಗರ, ಲ್ಯಾಂಗ್‌ಫರ್ಡ್ ಟೌನ್, ರಿಚ್ಮಂಡ್ ಟೌನ್. ಹೊಸೂರು ರೋಡಿನ ಉದ್ದಕ್ಕೂ ಹೋಗುವುದೇ ಇಲ್ಲ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಸುಮ್ನೆ ತಿರುಗಾಡಿ ಈ ದಾರಿ ಹುಡುಕಿಕೊಂಡೆ, ಯಾವ ಕ್ರಾಸ್‌ನಲ್ಲಿ ನಾಯಿ ಬರುತ್ತದೆ, ಎಲ್ಲಿ ಹಂಪ್ ಜಾಸ್ತಿ, ಎಲ್ಲಿ ಚರಂಡಿಯ ಜಾಲರಿಯ ಸಂದು ಟೈರ್ ನುಂಗುವಷ್ಟು ಅಗಲ ಇದೆ ಅನ್ನುವುದೆಲ್ಲ ಹಾಗೇ ಗೊತ್ತಾದದ್ದು.

ಏರಿನ ಬಗ್ಗೆ ಒಂದು ಮಾತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರು, ಮೇಲೆ ಎಲ್ಲಾ ಸಮತಟ್ಟು ಅಂತ ಬಸ್ಸಿನಲ್ಲಿ ಕೂತವರಿಗೆ ಅನ್ನಿಸುತ್ತದೆ. ತುಳಿದು ನೋಡಿ! ಈ ಊರಿನ ನೀರು ದಿಬ್ಬದಿಂದ ಕಣಿವೆಗೆ, ಕೆರೆಯಿಂದ ಕೆರೆಗೆ ಹರಿಯುತ್ತಿತ್ತು. ಎಲ್ಲಿ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಇದೆಯೋ ಅಲ್ಲಿ ತಗ್ಗು, ತಗ್ಗು ಇಳಿದರೆ ಆಚೆ ಏರು ಇದ್ದೇ ಇರುತ್ತದೆ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನ ಕಡೆ ಹೋಗುವ ಕೆ-100 ಅನ್ನುವ ರಾಜಕಾಲುವೆ ಶಾಂತಿನಗರದಲ್ಲಿ ಸಿಗುತ್ತದೆ. ಅದನ್ನು ದಾಟಿದ ಮೇಲೆ ರಿಚ್ಮಂಡ್ ಟೌನ್ ಕಡೆಗೆ ಹತ್ತಲೇಬೇಕು. ಇದು ತಲೆಗೆ ಹೋದ ಮೇಲೆ ನಾನು ಏರಿಗೆ ಮೊದಲೇ ಗೇರ್ ಇಳಿಸುತ್ತೇನೆ, ನಿಧಾನ ಮಾಡುತ್ತೇನೆ. ಬೆಳಿಗ್ಗೆ ಬೇಗ ಹೊರಟು ಆತುರ ಪಡದಿದ್ದರೆ ನಮ್ಮ ಊರಿನ ಹವೆಗೆ ಅಂಥ ಬೆವರು ಬರುವುದಿಲ್ಲ, ಏಪ್ರಿಲ್ ಒಂದು ಬಿಟ್ಟು. ಆಫೀಸಿನಲ್ಲಿ ಒಂದು ಟವೆಲ್, ಒಂದು ಕುರ್ತಾ ಇಟ್ಟಿದ್ದೇನೆ, ಅಷ್ಟು ಸಾಕಾಗಿದೆ.

ಸೈಕಲ್ ಸೆಕೆಂಡ್ ಹ್ಯಾಂಡ್. ಅಡ್ಡ ಕಂಬಿ ಇಲ್ಲದ್ದು, ಚೈನ್ ಕವರ್ ಇರುವುದು, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಇರುವುದು. ಚೂಡಿದಾರ್ ಹಾಕುವವರಿಗೆ ಚೈನ್ ಕವರ್ ಇಲ್ಲದೆ ಆಗುವುದಿಲ್ಲ, ದುಪಟ್ಟಾ ಬ್ಯಾಗ್ ಒಳಗೆ. ಟೈರ್ 38 ಎಂಎಂ ಅಗಲದ್ದು. ರೇಸ್ ಸೈಕಲ್‌ನ ಸಣ್ಣ ಟೈರ್ ನಮ್ಮ ಗುಂಡಿಗಳಿಗೆ ಆಗಿಬರುವುದಿಲ್ಲ. ಹಿಂದೆ ಕೆಂಪು ಮಿಣುಕು ಲೈಟ್ ಹಗಲಲ್ಲೂ ಹಾಕಿರುತ್ತೇನೆ.

ರಸ್ತೆಯಲ್ಲಿ ನಾನು ಬಿಡದೆ ಪಾಲಿಸುವ ಎರಡು ವಿಷಯ ಇವೆ. ನಿಂತ ಕಾರಿನಿಂದ ಅದರ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇರುತ್ತೇನೆ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಸರಿ. ಬಸ್ಸಿನ ಎಡಕ್ಕೆ ನುಗ್ಗುವುದಿಲ್ಲ, ಯಾಕೆಂದರೆ ಅದು ಯಾವಾಗ ಸ್ಟಾಪಿಗೆ ಒತ್ತಿಕೊಂಡು ಬರುತ್ತದೋ ಗೊತ್ತಿಲ್ಲ, ಬಾಗಿಲು ಇರುವುದೂ ಆ ಕಡೆಯೇ. ಸೈಕಲ್ ಪಥ ಬಂದರೆ ನೋಡೋಣ ಅಂತ ಕಾಯುವವರಿಗೆ ಏನು ಹೇಳಲಿ. ಜಯನಗರದಲ್ಲೇ ಹಿಂದೆ ಪಥ ಮಾಡಿದ್ದರು, ಅಲ್ಲಿ ಕಾರು ನಿಲ್ಲುತ್ತವೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಥ ಬಿಟ್ಟರು, ಅದರೊಳಗೆ ಬೈಕು ನುಗ್ಗಿದವು, ಕಂಬಗಳೂ ಮುರಿದವು. ಬಣ್ಣ ಬಳಿದರೆ ಆಗುವುದಿಲ್ಲ, ಗಟ್ಟಿ ಕಲ್ಲಿನ ಅಂಚು ಬೇಕು, ಕಾರು ನಿಲ್ಲಿಸಿದರೆ ಎತ್ತಿಕೊಂಡು ಹೋಗಬೇಕು. ಅದು ಆಗುವ ತನಕ ಒಳ ಕ್ರಾಸ್‌ಗಳೇ ನನ್ನ ಪಥ.

ಪಾರ್ಕಿಂಗ್‌ಗೆ ಸ್ವಲ್ಪ ಜಗಳ ಆಯಿತು. ಆಫೀಸ್ ಕಟ್ಟಡದ ಸೆಕ್ಯುರಿಟಿಯವರು "ಮೇಡಂ, ಸೈಕಲ್‌ಗೆ ಜಾಗ ಇಲ್ಲ, ಹೊರಗೆ ಗೋಡೆಗೆ ಒರಗಿಸಿ" ಅಂದರು. ಬೈಕ್ ಬಿಡ್ತೀರಲ್ಲ ಅಂದೆ. ಅದಕ್ಕೆ ಸ್ಟಿಕರ್ ಇದೆ ಅಂದರು. ಸರಿ, ನನಗೂ ಒಂದು ಸ್ಟಿಕರ್ ಕೊಡಿ ಅಂತ ಅರ್ಜಿ ಬರೆದೆ, ಕೊಟ್ಟರು. ಈಗ ಬೇಸ್‌ಮೆಂಟ್‌ನಲ್ಲಿ ಪೈಪಿಗೆ ಬೀಗ ಹಾಕಿ ನಿಲ್ಲಿಸುತ್ತೇನೆ.

ಮಳೆಗೆ ಮಾತ್ರ ನಾನು ಹಟ ಮಾಡುವುದಿಲ್ಲ. ಸೆಪ್ಟೆಂಬರ್ ಸಂಜೆ ಜೋರು ಮಳೆ ಬಂದರೆ ಗುಂಡಿ ಯಾವುದು, ತೆರೆದ ಚರಂಡಿ ಯಾವುದು ಕಾಣುವುದಿಲ್ಲ, ಶಾಂತಿನಗರದ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಸೈಕಲ್ ಅಲ್ಲೇ ಬೇಸ್‌ಮೆಂಟ್‌ನಲ್ಲಿ ಬಿಟ್ಟು ಬಸ್ ಹತ್ತುತ್ತೇನೆ, ಅತ್ತೆಗೆ ಇವತ್ತು ಟೈಮ್ ಹೇಳಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಮಾರನೇ ದಿನ ಬೆಳಿಗ್ಗೆಯೂ ಬಸ್ಸೇ, ಸಂಜೆ ಸೈಕಲ್‌ನಲ್ಲಿ ವಾಪಸ್. ಫ್ರೀ ಬಸ್ಸು ಇರುವುದರಿಂದಲೇ ನನಗೆ ಸೈಕಲ್ ಇಷ್ಟು ಸಲೀಸಾಗಿದ್ದು. ಆಧಾರ್ ಕಾರ್ಡ್ ಬ್ಯಾಗಿನಲ್ಲಿ ಇಟ್ಟುಕೊಂಡಿರಬೇಕು, ಅಷ್ಟೇ.