ಪರದೆಯ ಮೇಲೆ ಪುಸ್ತಕ ಪಲ್ಟಿ ಹೊಡೆದ ದಿನ

ಒಂದು ದಪ್ಪ ಪುಸ್ತಕ ತೆರೆದುಕೊಳ್ಳದಂತೆ ರಬ್ಬರ್ ಬ್ಯಾಂಡ್ ಹಾಕಿ, ತಿರುಗಿಸುತ್ತಾ ಮೇಲಕ್ಕೆಸೆದು ನೋಡಿ. ಉದ್ದದ ಅಕ್ಷದ ಸುತ್ತ ತಿರುಗಿಸಿದರೆ ನೆಟ್ಟಗೆ ತಿರುಗುತ್ತದೆ. ತಟ್ಟೆಯ ಹಾಗೆ ತಿರುಗಿಸಿದರೂ ಅಷ್ಟೇ. ಆದರೆ ಅಗಲದ ಅಕ್ಷದ ಸುತ್ತ, ಲಾಗ ಹೊಡೆಸುವಂತೆ ಎಸೆದರೆ, ಎಷ್ಟೇ ಎಚ್ಚರ ವಹಿಸಿದರೂ ನಡುವೆ ತಾನಾಗಿಯೇ ಪಕ್ಕಕ್ಕೂ ಹೊರಳಿಬಿಡುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಬೇಕೆಂದು ಪ್ರೋಗ್ರಾಂ ಬರೆಯಲು ಕೂತೆ.

ಮೊದಲು ಮೂರು ಅಕ್ಷಕ್ಕೆ ಮೂರು ಕೋನ ಇಟ್ಟುಕೊಂಡು, ಪ್ರತಿ ಹೆಜ್ಜೆಗೂ ಒಂದಿಷ್ಟು ಕೂಡಿಸುತ್ತಾ ಹೋದೆ. ಒಂದೇ ಅಕ್ಷವಿದ್ದಾಗ ಸರಿ, ಎರಡಾದ ಕೂಡಲೇ ಪರದೆಯ ಮೇಲಿನ ಪುಸ್ತಕ ಅಡ್ಡಾದಿಡ್ಡಿ ತಿರುಗಿತು. ಯಾಕೆಂದು ಕೈಯಲ್ಲೇ ನೋಡಬಹುದು. ಪುಸ್ತಕವನ್ನು ಮುಖಪುಟ ನಿಮ್ಮ ಕಡೆ ಇರುವಂತೆ ನಿಲ್ಲಿಸಿ. ನಿಮ್ಮಿಂದ ಆಚೆ ದಿಕ್ಕಿಗೆ 90 ಡಿಗ್ರಿ ಮಲಗಿಸಿ, ಆಮೇಲೆ ಮೇಜಿನ ಮೇಲೆ 90 ಡಿಗ್ರಿ ತಿರುಗಿಸಿದರೆ ಮುಖಪುಟ ಮೇಲೆ ನೋಡುತ್ತದೆ. ಅದೇ ಎರಡು ಕೆಲಸವನ್ನು ಹಿಂದುಮುಂದಾಗಿ ಮಾಡಿ: ಪುಸ್ತಕ ಅಂಚಿನ ಮೇಲೆ ನಿಂತು ಮುಖಪುಟ ಪಕ್ಕಕ್ಕೆ ನೋಡುತ್ತದೆ. ತಿರುವುಗಳನ್ನು ಸಂಖ್ಯೆಗಳಂತೆ ಯಾವ ಕ್ರಮದಲ್ಲಾದರೂ ಕೂಡಿಸಲು ಬರುವುದಿಲ್ಲ.

ಹಾಗಾಗಿ ಕೋನಗಳನ್ನು ಬಿಟ್ಟು, 1843ರಲ್ಲಿ ಗಣಿತಜ್ಞ ಹ್ಯಾಮಿಲ್ಟನ್ ಕಂಡುಕೊಂಡ ಕ್ವಾಟರ್ನಿಯನ್‌ಗೆ, ಅಂದರೆ ತಿರುವನ್ನು ನಾಲ್ಕು ಸಂಖ್ಯೆಗಳಲ್ಲಿ ಬರೆಯುವ ವಿಧಾನಕ್ಕೆ ಬಂದೆ. ಚಲನೆ ನುಣುಪಾಯಿತು, ಪಲ್ಟಿ ಮಾತ್ರ ಇಲ್ಲ.

ತಪ್ಪು ಇದ್ದದ್ದು ನನ್ನ ತಿಳಿವಳಿಕೆಯಲ್ಲಿ. ವಸ್ತು ಎರಡು ಅಕ್ಷಗಳ ಸುತ್ತ ಒಟ್ಟಿಗೆ ತಿರುಗುತ್ತಿದೆ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಯಾವುದೇ ಕ್ಷಣದಲ್ಲಿ ಅದು ತಿರುಗುವುದು ಒಂದೇ ಅಕ್ಷದ ಸುತ್ತ. ಆ ಅಕ್ಷವೇ ಸರಿದಾಡುತ್ತಿರುತ್ತದೆ. ಹೊರಗಿನ ಟಾರ್ಕ್ (ತಿರುಚುವ ಬಲ) ಇಲ್ಲದಿದ್ದರೆ ಬದಲಾಗದೆ ಉಳಿಯುವುದು ಕೋನೀಯ ಸಂವೇಗ (ತಿರುಗುವಿಕೆಯ ಒಟ್ಟು ರಭಸ), ಕೋನೀಯ ವೇಗವಲ್ಲ (ತಿರುಗುವ ವೇಗ ಮತ್ತು ಅಕ್ಷ). ನಾನು ವೇಗವನ್ನೇ ಸ್ಥಿರವಾಗಿ ಹಿಡಿದಿಟ್ಟಿದ್ದೆ.

ತಿದ್ದಿದ್ದು ಹೀಗೆ. ಸಂವೇಗವನ್ನು ಹಾಗೇ ಇಟ್ಟುಕೊಂಡು, ಪ್ರತಿ ಹೆಜ್ಜೆಯಲ್ಲೂ ಅದನ್ನು ಪುಸ್ತಕದ ಸ್ವಂತ ಅಕ್ಷಗಳಿಗೆ ತಂದು, ಆಯಾ ಅಕ್ಷದ ಜಡತ್ವ ಭ್ರಾಮಕದಿಂದ (ಆ ಅಕ್ಷದ ಸುತ್ತ ತಿರುಗಿಸುವುದು ಎಷ್ಟು ಕಷ್ಟ ಎಂಬುದರ ಅಳತೆ) ಭಾಗಿಸಿ, ಬಂದ ವೇಗದಿಂದ ಪುಸ್ತಕವನ್ನು ಚೂರು ತಿರುಗಿಸುವುದು. 24 ಸೆಂ.ಮೀ. ಉದ್ದ, 16 ಅಗಲ, 3 ದಪ್ಪದ ಪುಸ್ತಕಕ್ಕೆ ಈ ಭ್ರಾಮಕಗಳು ಉದ್ದ, ಅಗಲ, ದಪ್ಪದ ಅಕ್ಷಗಳಿಗೆ ಕ್ರಮವಾಗಿ 1 : 2.2 : 3.1 ಅನುಪಾತದಲ್ಲಿರುತ್ತವೆ. ಅಗಲದ್ದು ನಡುವಿನದು, ತಂಟೆಯೆಲ್ಲ ಅದರದೇ. ತಿರುಗುವ ವಸ್ತುವಿನ ಚಲನೆ ಹೇಳುವ ಆಯ್ಲರ್ ಸಮೀಕರಣಗಳಲ್ಲಿ ಈ ಸಂಖ್ಯೆಗಳನ್ನು ಹಾಕಿ ಲೆಕ್ಕ ಮಾಡಿದಾಗ ನಾನೇ ಬೆರಗಾದೆ: ಆರಂಭದ ಪುಟ್ಟ ಓಲಾಟ ಒಂದು ಪೂರ್ತಿ ಸುತ್ತಿನಲ್ಲಿ ಸುಮಾರು 40 ಪಟ್ಟು ಬೆಳೆಯುತ್ತದೆ! ಕೈ ಎಷ್ಟು ಸ್ಥಿರವಿದ್ದರೂ ಸಾಲದು. 1985ರಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂಟ್ 7ರಲ್ಲಿ ಗಗನಯಾತ್ರಿ ಜಾನಿಬೆಕೋವ್ ಕಣ್ಣೆದುರು ಒಂದು ರೆಕ್ಕೆ ನಟ್ಟು ತೇಲುತ್ತಾ ಮತ್ತೆ ಮತ್ತೆ ಮಗುಚಿದ್ದಕ್ಕೂ ಇದೇ ಕಾರಣ.

ಪ್ರೋಗ್ರಾಂ ಓಡಿಸಿದೆ. ಪುಸ್ತಕ ಸ್ವಲ್ಪ ಹೊತ್ತು ನೆಟ್ಟಗೆ ತಿರುಗಿತು, ಗಕ್ಕನೆ ಮಗುಚಿತು, ಮತ್ತೆ ನೆಟ್ಟಗಾಯಿತು. ಆ ಖುಷಿ ಇನ್ನೂ ನೆನಪಿದೆ.

ಒಂದು ಎಚ್ಚರಿಕೆ. ಕಣ್ಣಿಗೆ ಸರಿ ಕಂಡದ್ದನ್ನು ನಂಬಬೇಡಿ, ತಿರುಗುವಿಕೆಯ ಶಕ್ತಿಯನ್ನೂ ಪಕ್ಕದಲ್ಲಿ ಬರೆಸುತ್ತಾ ಹೋಗಿ. ನನ್ನದು ನಿಧಾನಕ್ಕೆ ಜಾರುತ್ತಿತ್ತು. ಪ್ರತಿ ಹೆಜ್ಜೆಯನ್ನು ಇನ್ನೂ ನಿಖರವಾಗಿ ಲೆಕ್ಕ ಹಾಕುವ ನಾಲ್ಕನೇ ದರ್ಜೆಯ ರಂಗೆ–ಕುಟ್ಟ ವಿಧಾನ ಹಾಕಿದ ಮೇಲೆ ನಿಂತಿತು. ಈ ಜಾರುವಿಕೆ ಸಣ್ಣ ಸಂಗತಿಯಲ್ಲ. 1958ರ ಎಕ್ಸ್‌ಪ್ಲೋರರ್ 1 ಉಪಗ್ರಹವನ್ನು ಉದ್ದದ ಅಕ್ಷದ ಸುತ್ತ ತಿರುಗುವಂತೆ ಬಿಟ್ಟಿದ್ದರು. ಅದರ ಬಾಗುವ ಆಂಟೆನಾಗಳಲ್ಲಿ ಶಕ್ತಿ ಸೋರಿಹೋಗಿ, ಸಂವೇಗ ಅಷ್ಟೇ ಇದ್ದರೂ, ಅದು ಅತಿ ಹೆಚ್ಚು ಭ್ರಾಮಕದ ಅಕ್ಷಕ್ಕೆ ಹೊರಳಿ ಲಾಗ ಹಾಕತೊಡಗಿತು.

ಕೊನೆಗೆ ಆರಂಭದ ಓರೆಯನ್ನು 1 ಡಿಗ್ರಿಯಿಂದ 0.1ಕ್ಕೆ ಇಳಿಸಿ ನೋಡಿದೆ. ಮೊದಲ ಪಲ್ಟಿ ಮುಂದಕ್ಕೆ ಹೋದದ್ದು ಅರ್ಧ ಸುತ್ತಿಗಿಂತ ತುಸು ಹೆಚ್ಚು, ಅಷ್ಟೇ.