ಕಡಲ ಕರೆಯ ಗೇಟಿಗೆ ಪೈಂಟು: ಮೊದಲು ಉಪ್ಪು ತೆಗೆಯಿರಿ

ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಹತ್ತಿರದ ಮನೆಗಳಲ್ಲಿ ಕಬ್ಬಿಣದ ಗೇಟಿಗೆ ಎಷ್ಟು ಸಲ ಪೈಂಟು ಬಳಿದರೂ ಮಳೆಗಾಲ ದಾಟುವಾಗ ಗುಳ್ಳೆ ಎದ್ದಿರುತ್ತದೆ. ಬೈಗುಳ ಪೈಂಟಿಗೆ, ತಪ್ಪು ಹೆಚ್ಚಾಗಿ ಅದರಡಿ ಉಳಿದ ಉಪ್ಪಿನದು.

ಕಡಲುಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆ ಮೆಗ್ನೀಷಿಯಂ ಕ್ಲೋರೈಡೂ ಇದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಮೊದಲನೆಯದು ನೀರೊಡೆಯುತ್ತದೆ. ಎರಡನೆಯದಕ್ಕೆ ಸುಮಾರು ಶೇ. 33 ಸಾಕು. ಹಾಗಾಗಿ ಜನವರಿಯ ಬಿಸಿಲಲ್ಲೂ ಸರಳಿನ ಮೇಲೆ ಕಾಣದ ಪಸೆ ಇರುತ್ತದೆ. ಕ್ಲೋರೈಡ್ ತುಕ್ಕು ಹಿಡಿಸಿಯೂ ಖರ್ಚಾಗುವುದಿಲ್ಲ, ತುಕ್ಕು ಕೊರೆದ ಗುಳಿಯ ತಳದಲ್ಲಿ ಕೂತು ಮತ್ತೆ ಕೆಲಸ ಮಾಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಎರಚುವುದೂ ಇವೇ ಲವಣಗಳನ್ನು. ಅಲ್ಲಿ ಕಾರಿನ ಅಡಿಭಾಗ ತಿನ್ನುವ ರೋಗವೇ ಇಲ್ಲಿ ಗೇಟಿಗೆ.

ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಮೊದಲು ಸೋಪುನೀರು ಹಾಕಿ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಉಪ್ಪು ಗುಳಿಯೊಳಗೆ ಇನ್ನಷ್ಟು ಕೂರುತ್ತದೆ. ಬೇಸಗೆಯಲ್ಲಿ ಕರೆಯ ಬಾವಿಗಳ ನೀರು ಉಪ್ಪಾಗುವುದುಂಟು; ಬಾಯಿಗೆ ಉಪ್ಪೆನಿಸಿದ ನೀರು ಬೇಡವೇ ಬೇಡ. ಆಮೇಲೆ ವಯರ್ ಬ್ರಶ್, 80 ನಂಬರಿನ ಎಮರಿ ಪೇಪರ್. ತುಕ್ಕು ಹೋದ ಮೇಲೆ ಎರಡನೇ ಸಲ ತೊಳೆಯಿರಿ. ಹೆಚ್ಚಿನವರು ಬಿಡುವುದು ಇದನ್ನೇ, ಗುಳಿಯ ತಳದ ಉಪ್ಪು ಹೊರಬರುವುದೂ ಈಗಲೇ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಬಿಡಿ. ತೆಳು ಕೆಂಪು ಮತ್ತೆ ಮೂಡಿದರೆ ಎಮರಿಯಲ್ಲಿ ಒಮ್ಮೆ ಉಜ್ಜಿ, ಧೂಳು ಒರೆಸಿ.

ಪ್ರೈಮರ್ ಅದೇ ದಿನ ಬೀಳಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ, ಮಧ್ಯಾಹ್ನ ಕಡಲಗಾಳಿ ಏಳುವ ಮೊದಲು ಮುಗಿಸಿ. ಆ ಗಾಳಿ ಹಸಿ ಪ್ರೈಮರಿನ ಮೇಲೂ ಉಪ್ಪು ತಂದು ಹಾಕುತ್ತದೆ. ಕಡಲಿಗೆ ಹತ್ತಿರವಾದರೆ ರೆಡ್ ಆಕ್ಸೈಡಿಗಿಂತ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಮೇಲು. ಎರಡನೇ ಡಬ್ಬಿಯ ಹಾರ್ಡನರ್ (ಪ್ರೈಮರನ್ನು ಗಟ್ಟಿಮಾಡುವ ದ್ರವ) ಅಂದಾಜಿಗೆ ಸುರಿಯಬೇಡಿ, ಡಬ್ಬಿಯ ಮೇಲಿನ ಅಳತೆಯೇ ಸರಿ. ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಅಂಚು, ವೆಲ್ಡಿಂಗ್ ಗೆರೆಗಳಲ್ಲಿ ಪೈಂಟು ತೆಳುವಾಗುವುದರಿಂದ ಅಲ್ಲಿಗೆ ಮೊದಲೊಂದು ಕೈ ಬ್ರಶ್ಶಿನಲ್ಲೇ ಹಚ್ಚಿ, ಮತ್ತೆ ಪೂರ್ತಿ ಎರಡು ಕೋಟು. ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ, ಮೇಲೆ ಪಿಯು (ಪಾಲಿಯುರೆಥೇನ್) ಪೈಂಟು ಬೇಕು.

ಪೈಪಿನ ಗೇಟಾದರೆ ಪೈಂಟಿಗೆ ಮೊದಲೇ ಕೆಳಪೈಪಿನ ತಗ್ಗಿನಲ್ಲಿ 6 ಮಿ.ಮೀ. ತೂತು ಕೊರೆಯಿರಿ. ಒಳಗೆ ನಿಂತ ನೀರು ಒಳಗಿನಿಂದಲೇ ತಿನ್ನುತ್ತದೆ, ಹೊರಗೆ ಕಾಣುವಾಗ ಪೈಪು ಮುಗಿದಿರುತ್ತದೆ.

ಮಳೆ ನೇರ ಬೀಳುವ ಗೇಟಿಗಿಂತ ಮಾಡಿನಡಿಯ ಕಿಟಕಿ ಸರಳು ಬೇಗ ಕೆಡುವುದೂ ಉಂಟು: ಮಳೆ ಉಪ್ಪು ತೊಳೆಯುತ್ತದೆ, ಮಾಡಿನಡಿ ಅದು ಸೇರುತ್ತಲೇ ಇರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅಂಥ ಸರಳುಗಳಿಗೆ ತಿಂಗಳಿಗೊಮ್ಮೆ ಸಿಹಿನೀರು ಹಾಯಿಸಿ.