ಫಾರಂ ‘ತಲುಪಿದೆ’ ಅನ್ನುತ್ತೆ, ಮೇಲ್ ಮಾತ್ರ ಬರಲ್ಲ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇಗಳ ವೆಬ್‌ಸೈಟು ನೋಡಿಕೊಳ್ಳುವವರಿಗೆ ಪದೇ ಪದೇ ಬರುವ ಫೋನು ಒಂದೇ: ‘ಸಾರ್, ಬೆಂಗಳೂರಿನವರು ಫಾರಂ ತುಂಬಿದ್ರಂತೆ, ನಮಗೆ ಮೇಲೇ ಬಂದಿಲ್ವಲ್ಲ?’ ತುಂಬಿದವರ ಪರದೆಯ ಮೇಲೆ ‘ಧನ್ಯವಾದ, ನಿಮ್ಮ ಸಂದೇಶ ತಲುಪಿದೆ’ ಅಂತ ಹಸಿರು ಅಕ್ಷರ ಮೂಡಿರುತ್ತೆ. ಆ ಸಾಲನ್ನು ನಂಬಬೇಡಿ. ಫಾರಂ ಓಡಿಸುವ ಪಿಎಚ್‌ಪಿ ಭಾಷೆಯ ಮೇಲ್ ಫಂಕ್ಷನ್ ‘ಟ್ರೂ’ ಅಂದರೆ, ಅದೇ ಸರ್ವರಿನಲ್ಲಿ ಕೂತಿರುವ ಟಪಾಲು ಪ್ರೋಗ್ರಾಂ ಕಾಗದವನ್ನು ಕೈಗೆ ತಗೊಂಡಿದೆ, ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಪಾರ್ಸೆಲ್ ಕೊಟ್ಟು ರಸೀದಿ ಇಸಕೊಂಡ ಹಾಗೆ. ಪಾರ್ಸೆಲ್ ಊರು ಸೇರಿತೋ ಇಲ್ಲವೋ ರಸೀದಿಗೆ ಗೊತ್ತಿರಲ್ಲ.

ಹಾಗಾಗಿ ಫಾರಂನ ಸ್ಕ್ರಿಪ್ಟನ್ನು (ಮೇಲ್ ಕಳಿಸುವ ಕೋಡನ್ನು) ಮೊದಲೇ ಬಿಚ್ಚಿ ಕೂರಬಾರದು. ಮೊದಲು ಮೇಲ್ ಎಲ್ಲಿ ನಿಂತಿದೆ ಅಂತ ಹುಡುಕಬೇಕು. ನಾನು ಒಂದೇ ಫಾರಂನಿಂದ ಮೂರು ವಿಳಾಸಕ್ಕೆ ಕಳಿಸಿ ನೋಡುತ್ತೀನಿ: ಸೈಟಿನ ಸ್ವಂತ ಡೊಮೇನಿನ ಒಂದು ಪೆಟ್ಟಿಗೆ, ಒಂದು ಜಿಮೇಲ್, ಇವೆರಡೂ ಅಲ್ಲದ ಇನ್ನೊಂದು. ಜಿಮೇಲ್‌ಗೆ ಬಂದು ಸ್ವಂತ ಡೊಮೇನಿಗೆ ಬರದಿದ್ದರೆ ಬಹುಪಾಲು ಅದು ಸ್ಕ್ರಿಪ್ಟಿನ ತಪ್ಪಲ್ಲ. ಮಾಲೀಕರು ಮೇಲನ್ನು ಗೂಗಲ್ ವರ್ಕ್‌ಸ್ಪೇಸ್‌ಗೋ ಬೇರೆ ಕಡೆಗೋ ಸಾಗಿಸಿರುತ್ತಾರೆ, ವೆಬ್ ಸರ್ವರಿಗೆ ಅದು ತಿಳಿದಿರಲ್ಲ. ‘ಈ ಡೊಮೇನ್ ನನ್ನದೇ’ ಅಂದುಕೊಂಡು ಮೇಲನ್ನು ಹೊರಗೆ ಬಿಡದೆ ತನ್ನೊಳಗಿನ ಹಳೆಯ ಪೆಟ್ಟಿಗೆಗೇ ಹಾಕುತ್ತೆ, ಪೆಟ್ಟಿಗೆ ಇಲ್ಲದಿದ್ದರೆ ‘ಅಂಥವರು ಯಾರೂ ಇಲ್ಲ’ ಅಂತ ವಾಪಸ್ ಮಾಡುತ್ತೆ. ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ನೋಡಿಕೊಳ್ಳುವ ಪ್ಯಾನೆಲ್) ‘ಈಮೇಲ್ ರೌಟಿಂಗ್’ಗೆ ಹೋಗಿ ‘ಲೋಕಲ್’ ಇರುವುದನ್ನು ‘ರಿಮೋಟ್’ ಮಾಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ, ಆದರೆ ಗೊತ್ತಿಲ್ಲದಿದ್ದರೆ ಎರಡು ದಿನ ತಿನ್ನುತ್ತೆ.

ಎಲ್ಲಿಗೂ ಹೋಗಿಲ್ಲ ಅಂದರೆ ಲಾಗ್ (ಸರ್ವರ್ ಬರೆದಿಡುವ ದಿನಚರಿ) ನೋಡಬೇಕು. ಉಬುಂಟು, ಡೆಬಿಯನ್ ಲಿನಕ್ಸ್‌ಗಳಲ್ಲಿ ಪೋಸ್ಟ್‌ಫಿಕ್ಸ್ (ಒಂದು ಟಪಾಲು ಪ್ರೋಗ್ರಾಂ) ಇದ್ದರೆ ಅದರ ಲಾಗ್ ಫೈಲಿನ ಹೆಸರು ‘ಮೇಲ್ ಡಾಟ್ ಲಾಗ್’, ಆಲ್ಮಾಲಿನಕ್ಸ್ ಥರದವುಗಳಲ್ಲಿ ಡಾಟ್ ಇಲ್ಲದ ‘ಮೇಲ್‌ಲಾಗ್’. ಸಿಪ್ಯಾನೆಲ್ ಇದ್ದಲ್ಲಿ ‘ಟ್ರ್ಯಾಕ್ ಡೆಲಿವರಿ’ ಪುಟವೇ ಸಾಕು. ಪೋಸ್ಟ್‌ಫಿಕ್ಸ್ ಸಾಲಿನ ಕೊನೆಯ ‘ಸ್ಟೇಟಸ್’ ಅನ್ನೋ ಪದ ಎಲ್ಲ ಹೇಳಿಬಿಡುತ್ತೆ. ‘ಸೆಂಟ್’ ಇದ್ದು ಜೊತೆಗೆ ಆ ಕಡೆಯ ಸರ್ವರಿನ 250 (‘ತಗೊಂಡೆ’ ಅನ್ನೋ ಉತ್ತರ) ಇದ್ದರೆ ನಮ್ಮ ಮನೆಯಿಂದ ಹೊರಟಿದೆ, ಇನ್ನು ಸ್ಪ್ಯಾಮ್ ಫೋಲ್ಡರಲ್ಲೇ ಹುಡುಕಬೇಕು. ‘ಡೆಫರ್ಡ್’ ಇದ್ದರೆ ಕ್ಯೂನಲ್ಲಿ ಕಾಯುತ್ತಿದೆ. ಪೋಸ್ಟ್‌ಫಿಕ್ಸ್ ತಾನಾಗಿ 5 ದಿನದವರೆಗೆ ಮತ್ತೆ ಮತ್ತೆ ಯತ್ನಿಸುತ್ತೆ. ‘ಬೌನ್ಸ್ಡ್’ ಇದ್ದರೆ ಕಾರಣ ಅದೇ ಸಾಲಲ್ಲಿ ಬರೆದಿರುತ್ತೆ. ಕಾರಣದ ಅಂಕಿ 4ರಿಂದ ಶುರುವಾದರೆ ‘ಆಮೇಲೆ ಬಾ’, 5ರಿಂದ ಶುರುವಾದರೆ ‘ಬರಲೇಬೇಡ’.

ಲಾಗ್‌ನಲ್ಲಿ ಒಂದು ಸಾಲೂ ಇಲ್ಲವೇ? ಹಾಗಾದರೆ ಸ್ಕ್ರಿಪ್ಟಿನಿಂದಲೇ ಆಚೆ ಬಂದಿಲ್ಲ. ಡಾಕರ್‌ನ (ಪ್ರೋಗ್ರಾಮನ್ನು ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಪಿಎಚ್‌ಪಿ ಇಮೇಜ್‌ಗಳಲ್ಲಿ ಸೆಂಡ್‌ಮೇಲ್ ಪ್ರೋಗ್ರಾಮೇ ಇರಲ್ಲ, ಎರರ್ ಲಾಗ್‌ನಲ್ಲಿ ‘ನಾಟ್ ಫೌಂಡ್’ ಅಂತ ಕಾಣುತ್ತೆ. ಕಮಾಂಡ್ ಲೈನಿನಿಂದ ಓಡಿಸಿದರೆ ಹೋಗುತ್ತೆ, ಬ್ರೌಸರಿನಿಂದ ಹೋಗಲ್ಲ ಅನ್ನೋ ಸ್ಥಿತಿಗೆ ಎರಡು ಕಾರಣ ಹುಡುಕುತ್ತೀನಿ. ಒಂದು, ಕಮಾಂಡ್ ಲೈನಿಗೂ ವೆಬ್ಬಿಗೂ ಪಿಎಚ್‌ಪಿಯ ಸೆಟ್ಟಿಂಗ್ ಫೈಲು ಬೇರೆ ಬೇರೆ ಇರುತ್ತೆ. ಇನ್ನೊಂದು, ಆಲ್ಮಾಲಿನಕ್ಸ್, ರಾಕಿ ಥರದವುಗಳಲ್ಲಿ ಎಸ್‌ಇಲಿನಕ್ಸ್ ಅನ್ನೋ ಭದ್ರತಾ ಕಾವಲು ಅಡ್ಡ ನಿಂತಿರುತ್ತೆ. ಮೇಲ್ ಫಂಕ್ಷನ್ ಬಳಸುವವರು ‘ಎಚ್‌ಟಿಟಿಪಿಡಿ ಕ್ಯಾನ್ ಸೆಂಡ್‌ಮೇಲ್’, ಹೊರಗಿನ ಎಸ್‌ಎಂಟಿಪಿ (ಮೇಲ್ ಸಾಗಿಸುವ) ಸರ್ವರ್ ಬಳಸುವವರು ‘ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್’ ಅನ್ನೋ ಸ್ವಿಚ್ಚನ್ನು ಆನ್ ಮಾಡಬೇಕು. ಆನ್ ಮಾಡುವಾಗ ದೊಡ್ಡಕ್ಷರದ ‘ಪಿ’ ಆಯ್ಕೆ ಮರೆತರೆ ಸರ್ವರ್ ರೀಬೂಟ್ ಆದ ದಿನ ಮತ್ತೆ ಅದೇ ಕತೆ.

ಈಗ ಎಲ್ಲಕ್ಕಿಂತ ಹೆಚ್ಚು ಫಾರಂಗಳನ್ನು ಕೆಡಿಸುವ ವಿಷಯ. ಫಾರಂ ತುಂಬಿದವರ ಈಮೇಲನ್ನೇ ‘ಫ್ರಮ್’ ಜಾಗಕ್ಕೆ ಹಾಕುವುದು. ಮಾಲೀಕರು ರಿಪ್ಲೈ ಒತ್ತಿದರೆ ಸೀದಾ ಅತಿಥಿಗೆ ಹೋಗಲಿ ಅನ್ನೋ ಒಳ್ಳೆಯ ಉದ್ದೇಶವೇ. ಆದರೆ ಯಾಹೂ ವಿಳಾಸದವರು ಫಾರಂ ತುಂಬಿದಾಗ, ‘ನಾನು ಯಾಹೂ’ ಅಂತ ಹೇಳಿಕೊಂಡು ಹೋಗುವುದು ನಮ್ಮ ಬಾಡಿಗೆ ಸರ್ವರ್. ‘ನಮ್ಮ ಹೆಸರಲ್ಲಿ ಬೇರೆಯವರು ಕಳಿಸಿದ್ದನ್ನು ತಿರಸ್ಕರಿಸಿ’ ಅಂತ ಯಾಹೂ 2014ರ ಏಪ್ರಿಲ್‌ನಲ್ಲೇ ಡಿಎಂಎಆರ್‌ಸಿ (ನಕಲಿ ಫ್ರಮ್ ಬಂದರೆ ಏನು ಮಾಡಬೇಕು ಅಂತ ಡೊಮೇನು ಹಾಕುವ ನಿಯಮ) ಮೂಲಕ ಸಾರಿಬಿಟ್ಟಿದೆ. ಆ ಮೇಲ್ ಬಾಗಿಲಲ್ಲೇ ಬೀಳುತ್ತೆ. ಜಿಮೇಲ್‌ನವರು ತುಂಬಿದ್ದು ಒಮ್ಮೊಮ್ಮೆ ಬರುತ್ತೆ, ಯಾಹೂದವರದ್ದು ಬರಲ್ಲ ಅನ್ನೋ ‘ಕೆಲವು ಸಲ ಬರುತ್ತೆ’ ದೂರಿನ ಹಿಂದೆ ಬಹುಪಾಲು ಇದೇ ಇರುತ್ತೆ.

ಸರಿಯಾದ ಜೋಡಣೆ ಹೀಗೆ. ಫ್ರಮ್‌ನಲ್ಲಿ ಯಾವಾಗಲೂ ನಮ್ಮದೇ ಡೊಮೇನಿನ, ನಿಜವಾಗಿ ಇರುವ ಒಂದು ವಿಳಾಸ. ಅತಿಥಿಯ ವಿಳಾಸ ‘ರಿಪ್ಲೈ ಟು’ನಲ್ಲಿ. ಫ್ರಮ್ ಅನ್ನುವುದು ಕಾಗದದ ಒಳಗಿನ ಸಹಿ. ಲಕೋಟೆಯ ಮೇಲೆ ಕಳಿಸುವವರ ವಿಳಾಸ ಅಂತ ಇನ್ನೊಂದಿದೆ. ಅದನ್ನು ನಾವು ಕೊಡದಿದ್ದರೆ ಸರ್ವರ್ ತನಗೆ ತೋಚಿದ್ದನ್ನು ಬರೆಯುತ್ತೆ, ಅಂದರೆ ವೆಬ್ ಸರ್ವರ್ ಬಳಕೆದಾರನ ಹೆಸರು, ಮುಂದೆ ಯಾವುದೋ ಯಂತ್ರದ ಹೆಸರು. ಎಸ್‌ಪಿಎಫ್ (ಈ ಡೊಮೇನಿನ ಹೆಸರಲ್ಲಿ ಯಾವ ಸರ್ವರುಗಳು ಕಳಿಸಬಹುದು ಅನ್ನೋ ಪಟ್ಟಿ) ಪರೀಕ್ಷೆ ನಡೆಯುವುದು ಆ ಲಕೋಟೆಯ ವಿಳಾಸದ ಮೇಲೆ, ಬೌನ್ಸ್ ವಾಪಸ್ ಬರುವುದೂ ಅಲ್ಲಿಗೇ. ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬೌನ್ಸ್‌ಗಳು ರಾಶಿ ಬಿದ್ದಿರುತ್ತವೆ. ಮೇಲ್ ಫಂಕ್ಷನ್ನಿನ ಐದನೇ ಆರ್ಗ್ಯುಮೆಂಟಿನಲ್ಲಿ ಹೈಫನ್, ಎಫ್, ಅದಕ್ಕೇ ಅಂಟಿಕೊಂಡಂತೆ ನಮ್ಮ ವಿಳಾಸ ಕೊಟ್ಟರೆ ಲಕೋಟೆ ಸರಿಹೋಗುತ್ತೆ. ಆ ಜಾಗಕ್ಕೆ ಫಾರಂನಿಂದ ಬಂದ ಯಾವುದನ್ನೂ ತುಂಬಬೇಡಿ, ಅದು ನೇರ ಕಮಾಂಡಿಗೆ ಸೇರುವ ಜಾಗ.

ಎಸ್‌ಪಿಎಫ್ ವಿಚಾರದಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಎರಡು ರೆಕಾರ್ಡ್ ಇರುವುದು. ಹೋಸ್ಟಿಂಗ್‌ನವರು ಒಂದು ಹಾಕಿರುತ್ತಾರೆ, ವರ್ಕ್‌ಸ್ಪೇಸ್ ಜೋಡಿಸಿದವರು ಇನ್ನೊಂದು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ, ಪರೀಕ್ಷೆ ಶಾಶ್ವತ ದೋಷ ಅಂತ ಮುಗಿಯುತ್ತೆ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಬೇಕು, ಒಳಗಿನ ಡಿಎನ್‌ಎಸ್ (ಡೊಮೇನುಗಳ ವಿಳಾಸಪಟ್ಟಿ) ಹುಡುಕಾಟ 10 ದಾಟಬಾರದು. ನೇರ ಐಪಿ ಬರೆದರೆ ಅದು ಈ 10ರೊಳಗೆ ಸೇರಲ್ಲ. ಡಿಕಿಮ್‌ಗೆ (ಮೇಲಿಗೆ ಹಾಕುವ ಡಿಜಿಟಲ್ ಸಹಿ) 2048 ಬಿಟ್ ಕೀ ಹಾಕುವಾಗ, ಡಿಎನ್‌ಎಸ್‌ನ ಟಿಎಕ್ಸ್‌ಟಿ ರೆಕಾರ್ಡಿನ ಒಂದು ತುಂಡಿನಲ್ಲಿ 255 ಅಕ್ಷರಕ್ಕಿಂತ ಹೆಚ್ಚು ಹಿಡಿಯಲ್ಲ ಅನ್ನೋದು ನೆನಪಿರಲಿ. ಕೀ ಅದಕ್ಕಿಂತ ಉದ್ದ. ಕೆಲವು ಪ್ಯಾನೆಲ್‌ಗಳು ತಾವೇ ತುಂಡು ಮಾಡಿಕೊಳ್ಳುತ್ತವೆ, ಕೆಲವು ಬಾಲ ಕತ್ತರಿಸಿ ಸುಮ್ಮನಿರುತ್ತವೆ. ಪೇಸ್ಟ್ ಮಾಡಿದ ಮೇಲೆ ‘ಡಿಗ್’ (ಡಿಎನ್‌ಎಸ್ ನೋಡುವ ಕಮಾಂಡ್) ಹಾಕಿ ಕೊನೆಯ ಅಕ್ಷರದವರೆಗೆ ಹೋಲಿಸಿ ನೋಡುವುದು ಒಳ್ಳೆಯದು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ಒಂದಾದರೂ ಇರಲೇಬೇಕು. ದಿನಕ್ಕೆ 5000 ಮೇಲ್ ಕಳಿಸುವವರಿಗೆ ಎರಡೂ ಬೇಕು, ಡಿಎಂಎಆರ್‌ಸಿಯೂ ಬೇಕು. ಹೋಂಸ್ಟೇ ಫಾರಂ ಆ ಸಂಖ್ಯೆಯ ಹತ್ತಿರಕ್ಕೂ ಹೋಗಲ್ಲ, ಆದರೂ ಮೂರನ್ನೂ ಹಾಕಿಬಿಡಿ. ಪರೀಕ್ಷೆಗೆ ಜಿಮೇಲ್‌ನಲ್ಲಿ ಬಂದ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ನೋಡಿದರೆ ಮೂರರ ಮುಂದೂ ‘ಪಾಸ್’ ಇದೆಯೋ ಇಲ್ಲವೋ ಕಾಣುತ್ತೆ.

ಈ ತಾಪತ್ರಯ ಬೇಡ ಅನ್ನುವವರಿಗೆ ಪಿಎಚ್‌ಪಿಮೇಲರ್ (ಮೇಲ್ ಕಳಿಸುವ ಸಿದ್ಧ ಕೋಡು) ಹಾಕಿ ಎಸ್‌ಎಂಟಿಪಿ ಮೂಲಕ ಕಳಿಸುವುದೇ ವಾಸಿ. ನಾನು ಹೊಸ ಸೈಟುಗಳಿಗೆಲ್ಲ ಅದನ್ನೇ ಹಾಕುವುದು. ಪೋರ್ಟ್ 587 ಆದರೆ ಸ್ಟಾರ್ಟ್‌ಟಿಎಲ್‌ಎಸ್ (ಮಾತು ಶುರುವಾದ ಮೇಲೆ ಗೂಢಲಿಪಿಗೆ ಬದಲಾಗುವುದು), 465 ಆದರೆ ಮೊದಲಿಂದಲೇ ಟಿಎಲ್‌ಎಸ್. ಇವೆರಡನ್ನು ಅದಲುಬದಲು ಮಾಡಬೇಡಿ: 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದರೆ ಸುಮ್ಮನೆ ಕಾದು ಕಾದು ನಿಲ್ಲುತ್ತೆ, 587ಕ್ಕೆ ಮೊದಲಿಂದಲೇ ಟಿಎಲ್‌ಎಸ್ ಹಾಕಿದರೆ ಕೂಡಲೇ ಟಿಎಲ್‌ಎಸ್ ಎರರ್ ಬರುತ್ತೆ. 25ನ್ನು ಮರೆತುಬಿಡಿ, ದೊಡ್ಡ ಕ್ಲೌಡ್‌ಗಳಲ್ಲಿ ಹೊರಹೋಗುವ 25 ಮೊದಲೇ ಮುಚ್ಚಿರುತ್ತೆ. ‘ಟೈಮ್ಡ್ ಔಟ್’ ಬಂದರೆ ದಾರಿಯಲ್ಲಿ ಫೈರ್‌ವಾಲ್ ನುಂಗುತ್ತಿದೆ, ‘ರಿಫ್ಯೂಸ್ಡ್’ ಬಂದರೆ ಆ ಬಾಗಿಲಲ್ಲಿ ಯಾರೂ ಇಲ್ಲ ಅಥವಾ ಬೇಕಂತಲೇ ತಡೆದಿದ್ದಾರೆ. 535 ಬಂದರೆ ಪಾಸ್‌ವರ್ಡ್. ಜಿಮೇಲ್ ಖಾತೆಯ ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯಲ್ಲ, ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೋಬೇಕು. ವರ್ಷಗಟ್ಟಲೆ ನಡೆದ ಫಾರಂ ಒಂದು ಬೆಳಿಗ್ಗೆ 535 ಅಂದರೆ ಮಾಲೀಕರನ್ನು ಕೇಳುವ ಮೊದಲ ಪ್ರಶ್ನೆ: ‘ಸಾರ್, ಜಿಮೇಲ್ ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ರಾ?’ ಖಾತೆಯ ಪಾಸ್‌ವರ್ಡ್ ಬದಲಾದ ಕೂಡಲೇ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ.

ಪಿಎಚ್‌ಪಿಮೇಲರ್‌ನ ಡೀಬಗ್ ಮಟ್ಟ 2 ಇಟ್ಟರೆ ಎರಡು ಸರ್ವರುಗಳ ಪೂರ್ತಿ ಮಾತುಕತೆ ಕಾಣುತ್ತೆ. ಕೆಲಸ ಮುಗಿದ ಮೇಲೆ 0 ಮಾಡಿ. ಫಾರಂ ಜೇಸನ್ (ಪ್ರೋಗ್ರಾಂ ಓದುವ ರೂಪದ) ಉತ್ತರ ನಿರೀಕ್ಷಿಸುತ್ತಿದ್ದರೆ ಡೀಬಗ್ ಸಾಲುಗಳು ಅದರ ತಲೆಗೆ ಅಂಟಿ, ಮೇಲ್ ಹೋಗಿದ್ದರೂ ಪುಟ ‘ವಿಫಲ’ ಅನ್ನುತ್ತೆ.

ಕನ್ನಡದಲ್ಲಿ ಫಾರಂ ಇದ್ದರೆ ಇನ್ನೊಂದಿಷ್ಟು ಮುಳ್ಳು. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ಸಂಕೇತ ಅಂದರೆ ಕಣ್ಣಿಗೆ ಕಾಣುವ ಅಕ್ಷರ ಅಲ್ಲ. ‘ಕ್ಕ’ ಅನ್ನುವುದು ಕ, ಹಲಂತ, ಕ ಸೇರಿ ಮೂರು ಸಂಕೇತ, 9 ಬೈಟ್. ‘ಚಿಕ್ಕಮಗಳೂರು’ ಬರೆದರೆ 11 ಸಂಕೇತ, 33 ಬೈಟ್. ಈಮೇಲಿನ ವಿಷಯದ (ಸಬ್ಜೆಕ್ಟ್) ಸಾಲಿನಲ್ಲಿ ಕನ್ನಡ ಹೋಗಬೇಕಾದರೆ ಬೇಸ್64 (ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಾಯಿಸುವ ಕ್ರಮ) ಮಾಡಿ, ಹಿಂದೆ ಮುಂದೆ ಗುರುತು ಕಟ್ಟಬೇಕು. ಅಂಥ ಒಂದು ಕಟ್ಟು 75 ಅಕ್ಷರ ಮೀರಬಾರದು ಅನ್ನೋದು ನಿಯಮ. ಗುರುತುಗಳಿಗೇ 12 ಹೋಗುತ್ತೆ, ಒಂದು ಕನ್ನಡ ಸಂಕೇತ ಬೇಸ್64ನಲ್ಲಿ 4 ಅಕ್ಷರ ಆಗುತ್ತೆ, ಅಲ್ಲಿಗೆ ಒಂದು ಕಟ್ಟಿಗೆ 15 ಸಂಕೇತ ಮಾತ್ರ. ‘ಚಿಕ್ಕಮಗಳೂರು’ ಹಿಡಿಯುತ್ತೆ, ಮುಂದೆ ‘ಹೋಂಸ್ಟೇ ವಿಚಾರಣೆ’ ಸೇರಿಸಿದರೆ ಎರಡನೇ ಕಟ್ಟು ಬೇಕು. ಕೈಯಲ್ಲಿ ಬರೆದ ಕೋಡು ಇಡೀ ಸಾಲನ್ನು ಒಂದೇ ಕಟ್ಟು ಮಾಡುತ್ತೆ, ಇಲ್ಲವೇ 3 ಬೈಟಿನ ನಡುವೆ ಕೊಯ್ಯುತ್ತೆ. ಕೊಯ್ದಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತೆ. ಪಿಎಚ್‌ಪಿಮೇಲರ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತೆ, ಆದರೆ ಅದರ ಮೂಲ ಕ್ಯಾರ್‌ಸೆಟ್ (ಅಕ್ಷರಗಳ ಸಂಕೇತಪಟ್ಟಿ) ಐಎಸ್‌ಒ-8859-1, ಅದರಲ್ಲಿ ಕನ್ನಡ ಇಲ್ಲ. ಯುಟಿಎಫ್-8 ಅಂತ ನಾವೇ ಹೇಳಬೇಕು.

ಈಮೇಲಿನ ಒಡಲಿಗೂ ಮಿತಿ ಇದೆ: ಒಂದು ಸಾಲಿಗೆ 998 ಬೈಟ್. ಫೋನಿನಲ್ಲಿ ಎಂಟರ್ ಒತ್ತದೆ ಒಂದೇ ಉಸಿರಿಗೆ ಬರೆದ ಕನ್ನಡ 332 ಸಂಕೇತ ದಾಟಿದರೆ ಮಿತಿ ಮೀರಿತು, ಅಂದರೆ ನಾಲ್ಕೈದು ವಾಕ್ಯ ಅಷ್ಟೇ. ಎಕ್ಸಿಮ್ (ಇನ್ನೊಂದು ಟಪಾಲು ಪ್ರೋಗ್ರಾಂ) ಇರುವ ಸರ್ವರ್ ‘ಸಾಲು ತುಂಬಾ ಉದ್ದ’ ಅಂತ ವಾಪಸ್ ಮಾಡುತ್ತೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಈ ತಪ್ಪು ಸಿಗುವುದೇ ಇಲ್ಲ. ಎನ್‌ಕೋಡಿಂಗನ್ನು ಬೇಸ್64ಗೆ ಇಟ್ಟರೆ ಸಾಲುಗಳು ತಾವಾಗಿ ಮುರಿಯುತ್ತವೆ. ಇದೇ ಜಾತಿಯ ಇನ್ನೊಂದು: ಹೆಸರನ್ನು ‘ಸಬ್‌ಸ್ಟ್ರ್’ ಫಂಕ್ಷನ್ನಿನಿಂದ 20 ಬೈಟಿಗೆ ಕತ್ತರಿಸಿದರೆ 6 ಸಂಕೇತ ಉಳಿದು, ಏಳನೆಯದರ 2 ಬೈಟ್ ಜೋತಾಡುತ್ತೆ. ಅದನ್ನು 8.1ಕ್ಕಿಂತ ಹಳೆಯ ಪಿಎಚ್‌ಪಿಯಲ್ಲಿ ‘ಎಚ್‌ಟಿಎಂಎಲ್ ಸ್ಪೆಶಲ್ ಕ್ಯಾರ್ಸ್’ (ಎಚ್‌ಟಿಎಂಎಲ್ ಚಿಹ್ನೆಗಳನ್ನು ನಿರುಪದ್ರವಿ ಮಾಡುವ) ಫಂಕ್ಷನ್ನಿಗೆ ಕೊಟ್ಟರೆ ಪೂರ್ತಿ ಖಾಲಿ ವಾಪಸ್ ಬರುತ್ತೆ. ಮೇಲ್ ಬಂತು, ಹೆಸರೇ ಇಲ್ಲ. ‘ಎಂಬಿ’ ಸೇರಿಸಿದ ಸಬ್‌ಸ್ಟ್ರ್ ಬಳಸಿ.

ಹೆಸರು, ವಿಷಯದ ಜಾಗದಲ್ಲಿ ಬರುವ ಹೊಸಸಾಲಿನ ಅಕ್ಷರಗಳನ್ನು ಮರೆಯದೆ ತೆಗೆದುಹಾಕಿ. ಬಿಟ್ಟರೆ ಯಾರೋ ಅಲ್ಲಿ ‘ಬಿಸಿಸಿ’ ಸಾಲು ತೂರಿಸಿ ನಮ್ಮ ಫಾರಂನಿಂದಲೇ ಊರಿಗೆಲ್ಲ ಸ್ಪ್ಯಾಮ್ ಹಂಚುತ್ತಾರೆ, ಹೋಸ್ಟಿಂಗ್‌ನವರು ಖಾತೆ ನಿಲ್ಲಿಸುತ್ತಾರೆ.

ಕೊನೆಗೆ, ಮೇಲ್ ಒಂದನ್ನೇ ನೆಚ್ಚಿಕೊಳ್ಳದ ಹಾಗೆ ನಾನು ಇಡುವ ಏರ್ಪಾಡು: ಫಾರಂ ಬಂದ ಕೂಡಲೇ ಮೊದಲು ಡೇಟಾಬೇಸಿಗೆ, ಆಮೇಲೆ ಮೇಲ್. ಟೇಬಲಿನಲ್ಲಿ ‘ಕಳಿಸಿದ ಸಮಯ’, ‘ಯತ್ನ’, ‘ಕೊನೆಯ ದೋಷ’ ಅಂತ ಮೂರು ಕಾಲಂ. ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ) 10 ನಿಮಿಷಕ್ಕೊಮ್ಮೆ ಹೋಗದೆ ಉಳಿದದ್ದನ್ನು ಮತ್ತೆ ಕಳಿಸುತ್ತೆ. ಹೊಸಬರನ್ನು ಒಮ್ಮೆ 451 ಅಂತ ತಿರುಗಿಸಿ ಕಳಿಸಿ ಎರಡನೇ ಸಲ ಒಳಗೆ ಬಿಡುವ ಸರ್ವರುಗಳಿವೆ. ನೇರ ಎಸ್‌ಎಂಟಿಪಿ ಸ್ಕ್ರಿಪ್ಟಿಗೆ ತಾನಾಗಿ ಎರಡನೇ ಸಲ ಬಾಗಿಲು ತಟ್ಟುವ ಬುದ್ಧಿ ಇರಲ್ಲ, ಅದಕ್ಕೇ ಈ ಕ್ರಾನ್. ಟೇಬಲಿನ ಕ್ಯಾರ್‌ಸೆಟ್ ಯುಟಿಎಫ್8ಎಂಬಿ4 ಇರಲಿ. ಹಳೆಯ ಯುಟಿಎಫ್8ರಲ್ಲಿ ಕನ್ನಡ ಕೂರುತ್ತೆ, ಆದರೆ ಅತಿಥಿ ಕೊನೆಯಲ್ಲಿ ಒಂದು ನಗುಮುಖ ಹಾಕಿದರೆ ಅದು 4 ಬೈಟ್, ಇಡೀ ಸಾಲೇ ಸೇರದೆ ಉಳಿಯುತ್ತೆ. ಪುಟದ ಹಸಿರು ಅಕ್ಷರವನ್ನೂ ಬದಲಿಸಿ: ‘ತಲುಪಿದೆ’ ತೆಗೆದು ‘ದಾಖಲಾಗಿದೆ’ ಅಂತ ಹಾಕಿ, ಕೆಳಗೆ ಹೋಂಸ್ಟೇಯ ಫೋನ್ ನಂಬರ್ ಕೊಡಿ.